ಮರಳಿ ಆಡಿಸುವ ಕಥೆ

ಕಾವ್ಯವೊಂದನ್ನು ಎರಡನೆಯ ಬಾರಿ ಓದಿಸುವುದು ಅದರ ಗಾತ್ರವಲ್ಲ. ಈ ಮಾತು ವಿಡಿಯೋ ಗೇಮಿಗೂ ಸಲ್ಲುವುದೆಂದರೆ ಸಹೃದಯರು ನಕ್ಕಾರು. ಆದರೂ, ಮುಕ್ತಲೋಕದ ಪಾತ್ರಾಭಿನಯದ ಆಟಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಭೂಪಟದ ವಿಸ್ತಾರಕ್ಕೆ ಮರುಳಾಗಬೇಡಿ; ನಿಮ್ಮ ಆಯ್ಕೆಗೆ ಅಲ್ಲಿ ಬೆಲೆಯುಂಟೇ ಎಂದು ನೋಡಿ.

ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ‘ದಿ ವಿಚರ್ 3’ ಇದಕ್ಕೆ ಉತ್ತಮ ನಿದರ್ಶನ. ಸಪ್ಕೋವ್ಸ್ಕಿಯ ಕಥೆಗಳ ಗೆರಾಲ್ಟನೇ ಇಲ್ಲಿಯೂ ನಾಯಕ. ಜೌಗುನಾಡಿನ ಮರವೊಂದರಡಿ ಸೆರೆಯಾದ ಪ್ರೇತವು, ತನ್ನನ್ನು ಬಿಡಿಸಿದರೆ ಅನಾಥ ಮಕ್ಕಳನ್ನು ಕಾಯುವೆನೆನ್ನುತ್ತದೆ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ. ಆದರೆ ಹಳ್ಳಿಯೊಂದು ಹಾಳಾಗುತ್ತದೆ, ಮಕ್ಕಳನ್ನು ಸಾಕುತ್ತಿದ್ದ ಆನ್ನಾ ಸಾಯುತ್ತಾಳೆ, ಅವಳ ಗಂಡ ಬ್ಯಾರನ್ ಪ್ರಾಣ ಕಳೆದುಕೊಳ್ಳುತ್ತಾನೆ. ಪ್ರೇತವನ್ನು ಕೊಂದರೆ ಆನ್ನಾ ಬದುಕುತ್ತಾಳೆ, ಬುದ್ಧಿ ಕಳೆದುಕೊಂಡು. ಮಕ್ಕಳು ಮಾತ್ರ ಕಾಣೆಯಾಗುತ್ತಾರೆ. ಈ ಫಲವೆಲ್ಲ ತೋರುವುದು ತಡವಾಗಿ. ಧರ್ಮಸಂಕಟವೆಂದು ತರಗತಿಯಲ್ಲಿ ನಾವು ವಿವರಿಸುವುದನ್ನು ಇಲ್ಲಿ ಆಟಗಾರ ತನ್ನ ಕೈಯಾರೆ ಅನುಭವಿಸುತ್ತಾನೆ.

2010ರ ‘ಫಾಲ್‌ಔಟ್: ನ್ಯೂ ವೇಗಸ್’ ಆಟದಲ್ಲಿಯೂ ಹೀಗೆಯೇ. ಹೂವರ್ ಅಣೆಕಟ್ಟೆ ಯಾರ ವಶವಾಗಬೇಕೆಂಬುದನ್ನು ಆಟಗಾರನೇ ನಿರ್ಣಯಿಸುತ್ತಾನೆ. ಪಕ್ಷ ಬದಲಾದರೆ ಮೊಹಾವಿ ಮರುಭೂಮಿಯ ಊರುಗಳ ಹಣೆಬರಹವೂ ಬದಲಾಗುತ್ತದೆ.

ಇಂತಹ ಆಟವನ್ನು ಮತ್ತೆ ಆಡಲು ಕುಳಿತವನು ಹೋಗುವುದು, ಮೊದಲ ಸಲ ತಾನು ಕೈಬಿಟ್ಟವರನ್ನು ಕಾಣಲು. ಆದುದರಿಂದ ಕೊಳ್ಳುವ ಮುನ್ನ, ಆಡಿ ಮುಗಿಸಿದ ಇಬ್ಬರನ್ನು ವಿಚಾರಿಸಿ. ಇಬ್ಬರೂ ಒಂದೇ ಕಥೆ ಹೇಳಿದರೆ ಒಮ್ಮೆ ಆಡಿದರೆ ಸಾಕು. ಬೇರೆಬೇರೆ ಕಥೆ ಹೇಳಿ ವಾದಕ್ಕಿಳಿದರೆ, ಹಣ ತೆರಬೇಕಾದುದು ಅದಕ್ಕೆ.