ಕರಿಕಲ್ಲಿನ ಗೋಡೆ, ತಡವಾಗಿ ಬರುವ ಬಿಸಿಲು

ಬೇಸಿಗೆಯ ಮಧ್ಯಾಹ್ನ ಅಕ್ಕಲಕೋಟ ತಾಲೂಕಿನ ತಡವಳದಂಥ ಊರಲ್ಲಿ ಹಳೆಯ ಮನೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ, ಚುರ್ ಎನ್ನುತ್ತದೆ. ಅದೇ ಗೋಡೆಯನ್ನು ಪಡಸಾಲೆಯೊಳಗಿಂದ ಮುಟ್ಟಿದರೆ ತಣ್ಣಗಿರುತ್ತದೆ. ನಡುವೆ ಇರುವುದು ಎರಡಡಿ ದಪ್ಪದ ಕಲ್ಲು, ಮಣ್ಣು.

ಕಲ್ಲು ತಂಪು ಎಂದು ಹೇಳುವುದು ರೂಢಿ. ಆದರೆ ಈ ಸೀಮೆಯ ಕರಿಕಲ್ಲು, ಅಂದರೆ ಬಸಾಲ್ಟ್, ಸುಟ್ಟ ಇಟ್ಟಿಗೆಗಿಂತ ಬೇಗ ಶಾಖ ಸಾಗಿಸುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಕಲ್ಲು ಇದು. ಸೊಲ್ಲಾಪುರದ ಕೋಟೆಗೂ ವಿಜಯಪುರದ ಗೋಲಗುಮ್ಮಟಕ್ಕೂ ಇದೇ ಕಲ್ಲು. ತಂಪು ಬರುವುದು ದಪ್ಪದಿಂದ. ಅಷ್ಟೂ ಭಾರ ಕಾದ ಮೇಲಲ್ಲವೇ ಒಳಗೆ ಬಿಸಿ? ಮಧ್ಯಾಹ್ನ ಮೂರಕ್ಕೆ ಹೊರಮೈಗೆ ಬಡಿದ ಬಿಸಿಲು ಒಳಮೈ ಮುಟ್ಟುವಷ್ಟರಲ್ಲಿ ಹತ್ತು-ಹನ್ನೆರಡು ತಾಸು ಕಳೆದು ನಡುರಾತ್ರಿ ದಾಟಿರುತ್ತದೆ. ಆಗ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚಿ ಮಲಗಿರುತ್ತಾರೆ.

ಹಗಲು ಉರಿದು ಇರುಳು ಆರುವ ಒಣ ಸೀಮೆಯಲ್ಲಿ ಮಾತ್ರ ಈ ಲೆಕ್ಕ ಕೂಡುತ್ತದೆ. ಕಾಸರಗೋಡಿನಲ್ಲಿ ರಾತ್ರಿಯೂ ಸೆಕೆ. ಅಲ್ಲಿನ ಮುರಕಲ್ಲು ತೂತುತೂತಿನದು, ನೀರು ಕುಡಿಯುತ್ತದೆ. ಹಾಗಾಗಿ ಮನೆಯ ಮಾಡು ಗೋಡೆಯಿಂದಾಚೆಗೆ ಚಾಚಿ ಮಳೆಯನ್ನು ದೂರ ಚೆಲ್ಲುತ್ತದೆ.

ಕರಿಕಲ್ಲಿಗೆ ಮಳೆಯ ಭಯ ಕಡಿಮೆ. ಭಯವಿರುವುದು ಸಂದಿನ ಮಣ್ಣಿಗೆ. ಈ ಗೋಡೆಗೆ ಹೊರಮೈ ಒಂದು, ಒಳಮೈ ಒಂದು; ನಡುವೆ ಚೂರುಗಲ್ಲು, ಮಣ್ಣು ತುಂಬಿರುತ್ತದೆ. ಎರಡೂ ಮೈಗೆ ತಾಗುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಟ್ಟಿದ್ದರೆ ಅದು ಒಂದು ಗೋಡೆ, ಇಲ್ಲದಿದ್ದರೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಗೋಡೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ಆ ವ್ಯತ್ಯಾಸ ಬಯಲಾಯಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನ. ಭೂಕಂಪದ ಪ್ರಮಾಣ 6.2ರಷ್ಟೇ; ಆದರೂ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಗೋಡೆಗಳ ಹೊರಮೈ ಹೊರಕ್ಕೆ, ಒಳಮೈ ಒಳಕ್ಕೆ ಉರುಳಿ, ಮಾಳಿಗೆಯ ಮಣ್ಣೆಲ್ಲ ಮೇಲೆ ಬಿದ್ದು ಸಾವಿರಾರು ಜನ ಸತ್ತರು. ಬೇಸಿಗೆಯಲ್ಲಿ ಕಾಪಾಡುತ್ತಿದ್ದ ಭಾರವೇ ಅಂದು ಕೊಂದಿತು. ಅದಾದ ಮೇಲೆ ಕಲ್ಲುಮನೆಯೆಂದರೆ ಜನ ಹೆದರಿದ್ದರಲ್ಲಿ ತಪ್ಪೇನಿಲ್ಲ. ಆದರೆ ಬೈಗುಳವೆಲ್ಲ ಕಲ್ಲಿನ ಪಾಲಿಗೆ ಬಂತು, ಬಿಟ್ಟುಹೋದ ಉದ್ದಗಲ್ಲಿನ ಮಾತು ಹಿಂದೆ ಬಿತ್ತು.

ಹಳೆಯ ಗೋಡೆ ಭದ್ರವಾಗಲಿ ಎಂದು ಸಂದಿಗೆ ಸಿಮೆಂಟು ಮೆತ್ತುವವರೂ ಇದ್ದಾರೆ. ಒಳಗೆ ಸೇರಿದ ತೇವ ಹೊರಬರಲು ಇದ್ದ ದಾರಿ ಆ ಸಂದುಗಳೇ. ಅವನ್ನು ಮುಚ್ಚಿದರೆ ಒಳಗಿನ ಮಣ್ಣು ಹಸಿಯಾಗಿಯೇ ಉಳಿದು ಬುಡದಲ್ಲಿ ಉಪ್ಪು ಬಿಳಿಬಿಳಿಯಾಗಿ ಹೂಬಿಡುತ್ತದೆ. ಇಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ.

ಈಗಿನ ಕಲ್ಲು ಹೊರಮೈಗೆ ಅಂಟಿಸುವ ಹಲಗೆ. ಹೆಲ್ಸಿಂಕಿಯಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ವಿನ್ಯಾಸ ಮಾಡಿದ ಫಿನ್‌ಲಾಂಡಿಯಾ ಸಭಾಭವನ 1971ರಲ್ಲಿ ತೆರೆಯಿತು. ಅದರ ಮೈಗೆ ಇಟಲಿಯ ಕರ‍್ರಾರಾದಿಂದ ತಂದ ಬಿಳಿ ಅಮೃತಶಿಲೆಯ ತೆಳು ಹಲಗೆಗಳು. ಅಮೃತಶಿಲೆಯ ಹರಳು ಕಾದಾಗ ಒಂದು ದಿಕ್ಕಿಗೆ ಹಿಗ್ಗಿ ಅಡ್ಡದಿಕ್ಕಿಗೆ ಕುಗ್ಗುತ್ತದೆ. ದಿನವೂ ಹೀಗೆ ನಡೆದು ಹರಳುಗಳ ಹಿಡಿತ ಸಡಿಲಗೊಂಡು, ತೇವವೂ ಸೇರಿ, ಹಲಗೆಗಳು ಹಪ್ಪಳದಂತೆ ಬಾಗಿದವು. 1990ರ ದಶಕದ ಕೊನೆಗೆ ಎಲ್ಲವನ್ನೂ ಕಿತ್ತು ಮತ್ತೆ ಅದೇ ಕಲ್ಲು ಹಚ್ಚಿದರು, ಅವೂ ಬಾಗಿದವು!

ಕರಿಕಲ್ಲು ಹಾಗೆ ಬಾಗುವ ಜಾತಿಯದಲ್ಲ. ಆದರೆ ಮುಕ್ಕಾಲು ಇಂಚಿನ ಕಪ್ಪು ಹಲಗೆ ಪಡುವಣ ಬಿಸಿಲಿಗೆ ಬೇಗನೆ ಕಾಯುತ್ತದೆ, ಹಿಂದಿನ ಸಿಮೆಂಟು ಅಷ್ಟೇ ಹಿಗ್ಗುವುದಿಲ್ಲ. ಸಂದು ಬಿಡದೆ ಒತ್ತಿ ಹಚ್ಚಿದ್ದರೆ ಅಂಟು ಬಿಡುವುದು ಅಲ್ಲಿಂದಲೇ. ನಾಣ್ಯದಿಂದ ತಟ್ಟುತ್ತ ಹೋಗಿ: ಗಟ್ಟಿ ಕೂತ ಕಲ್ಲು ಟಕ್ ಎನ್ನುತ್ತದೆ, ಬಿಟ್ಟ ಕಲ್ಲು ಟೊಳ್ಳು ಡಬ್ಬಿಯಂತೆ ಸದ್ದು ಮಾಡುತ್ತದೆ. ಅಂಥ ಕಲ್ಲಿನ ಕೆಳಗೆ ಹೊರಸು ಹಾಕಿ ಮಲಗಬೇಡಿ.