ಕರಿಕೆಯ ಬೇರು, ಗದ್ದದ ಕೂದಲು

ಕರಿಕೆಯನ್ನು ಕುಡುಗೋಲಿನಿಂದ ಎಷ್ಟು ಸಲ ಸವರಿದರೂ ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹೊಲಗಳಲ್ಲಿ ಕಳೆ ತೆಗೆದ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗದ್ದ ಮತ್ತು ಮೇಲ್ದುಟಿಯ ಒರಟು ಕೂದಲೂ ಹಾಗೆಯೇ. ದಾರ ಹಾಕಿಸಿದರೂ ವ್ಯಾಕ್ಸ್ ಮಾಡಿಸಿದರೂ ಅದು ಹುಟ್ಟುವ ಗುಳಿ ಚರ್ಮದೊಳಗೆ ಉಳಿದಿರುತ್ತದೆ. ಆ ಗುಳಿಯನ್ನೇ ನಾಶ ಮಾಡುವ ವಿಧಾನ ಎಲೆಕ್ಟ್ರೋಲಿಸಿಸ್.

1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್, ಒಳಕ್ಕೆ ತಿರುಗಿ ಕಣ್ಣಗುಡ್ಡೆಗೆ ಚುಚ್ಚುವ ರೆಪ್ಪೆಗೂದಲನ್ನು ಹೀಗೆ ತೆಗೆಯಬಹುದೆಂದು ಬರೆದರು. ಮೂಲ ಕ್ರಮ ಇಂದಿಗೂ ಅದೇ. ಕೂದಲು ಹೊರಬರುವ ರಂಧ್ರದಲ್ಲೇ ಅತಿ ತೆಳು ಸೂಜಿ ಇಳಿಸಿ, ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತಾರೆ. ನೇರ ವಿದ್ಯುತ್ತಾದರೆ ಅಲ್ಲಿನ ಉಪ್ಪುನೀರು ಕಾಸ್ಟಿಕ್ ಸೋಡಾ ಆಗಿ ಬುಡವನ್ನು ಕರಗಿಸುತ್ತದೆ. ಅಧಿಕ ಆವರ್ತನದ ವಿದ್ಯುತ್ತಾದರೆ ಶಾಖ ಅದನ್ನು ಸುಡುತ್ತದೆ. ಎರಡನ್ನೂ ಬೆರೆಸಿದ್ದು ಬ್ಲೆಂಡ್.

ಲೇಸರ್ ಕೂದಲಿನ ಕಪ್ಪು ಬಣ್ಣವನ್ನು ಹುಡುಕಿ ಸುಡುತ್ತದೆ. ಹಾಗಾಗಿ ನರೆತ ಕೂದಲಿಗೆ ಅದು ನಾಟುವುದಿಲ್ಲ, ನಮ್ಮ ಗೋಧಿ ಮತ್ತು ಕಪ್ಪು ಮೈಬಣ್ಣದಲ್ಲಿ ತಪ್ಪು ಯಂತ್ರ ಬಳಸಿದರೆ ಚರ್ಮವೇ ಸುಡಬಹುದು. ಸೂಜಿಗೆ ಬಣ್ಣದ ಹಂಗಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಲೇಸರ್‌ಗೆ ‘ಶಾಶ್ವತ ಇಳಿಕೆ’ ಎನ್ನುತ್ತದೆ, ‘ಶಾಶ್ವತ ನಿವಾರಣೆ’ ಎಂಬ ಮಾತನ್ನು ಎಲೆಕ್ಟ್ರೋಲಿಸಿಸ್‌ಗೆ ಮಾತ್ರ ಕೊಡುತ್ತದೆ.

ಬೆಲೆ ಮಾತ್ರ ತಾಳ್ಮೆಯದು. ಒಂದೊಂದೇ ಕೂದಲನ್ನು ಹಿಡಿಯಬೇಕು. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲವಾದ್ದರಿಂದ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆಯಂತೆ ವರ್ಷ, ಒಂದೂವರೆ ವರ್ಷ ಹಿಡಿಯಬಹುದು. ಚುರುಕ್ ಎನ್ನುವ ನೋವು ಇದ್ದೇ ಇರುತ್ತದೆ. ಒಂದೆರಡು ದಿನ ಕೆಂಪಗಾಗಬಹುದು. ಬಿಸಿಲಿಗೆ ಮುಖ ಒಡ್ಡಿದರೆ, ಹಕ್ಕಳೆಗಟ್ಟಿದ್ದನ್ನು ಕೆರೆದರೆ ಕಪ್ಪು ಕಲೆ ಉಳಿಯಬಹುದು. ಹೊಲಕ್ಕೆ ಹೋಗುವವರು ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುವುದನ್ನು ಮರೆಯಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗಾಯ ಗಂಟುಗಟ್ಟುವ ಮೈಯವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ನನಗೆ ಅತಿ ಮುಖ್ಯವೆನಿಸುವುದು ಸೂಜಿಗಿಂತ ಮೊದಲಿನ ಹೆಜ್ಜೆ, ಕಾರಣ ಹುಡುಕುವುದು. ಹುಡುಗಿಯ ಗದ್ದದಲ್ಲಿ ಕೂದಲು ಕಂಡೊಡನೆ ಕನ್ಯೆ ನೋಡಲು ಬರುವವರ ಚಿಂತೆ ಮನೆಯಲ್ಲಿ ಶುರುವಾಗುತ್ತದೆ, ಅವಳ ಮುಟ್ಟು ತಪ್ಪುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇದ್ದರೆ ಹಾರ್ಮೋನು ಹೊಸ ಕೂದಲನ್ನು ಎಬ್ಬಿಸುತ್ತಲೇ ಇರುತ್ತದೆ, ಸೂಜಿ ಹಳೆಯದನ್ನಷ್ಟೇ ಕೊಲ್ಲುತ್ತದೆ. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ ಧ್ವನಿಯೂ ಗಡುಸಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಾವೇರಿಯ ಜಿಲ್ಲಾಸ್ಪತ್ರೆ ಇದೆ. ಶಿಗ್ಗಾವಿ, ಸವಣೂರಿನವರಿಗೆ ಹುಬ್ಬಳ್ಳಿಯ, ಹಿರೇಕೆರೂರಿನವರಿಗೆ ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ ಇವೆ.

ಎಲೆಕ್ಟ್ರೋಲಿಸಿಸ್ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಕೇಳಿ. ದರ ನಿಮಿಷಕ್ಕೋ ಸರದಿಗೋ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಹೋಗುವ ಮುನ್ನ ಕೆಲವು ವಾರ ಕೂದಲು ಕೀಳಬೇಡಿ, ಕೀಳಿಸಬೇಡಿ. ಕತ್ತರಿ ಆಡಿಸಬಹುದು, ಆದರೆ ಆ ದಿನ ಹಿಡಿಯುವಷ್ಟು ಉದ್ದ ಉಳಿದಿರಬೇಕು. ಮೊದಲು ಸ್ವಲ್ಪ ಜಾಗದಲ್ಲಷ್ಟೇ ಮಾಡಿಸಿ ನೋಡಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯದಿದ್ದರೆ, ಅಲ್ಲಿಂದ ಎದ್ದು ಬನ್ನಿ.