ಹಿಂಡುವ ಗುಂಡಿಗೆ, ಹೀರುವ ಗುಂಡಿಗೆ

ಎಕೋ ಪರೀಕ್ಷೆಯ ವರದಿ ಕೈಗೆ ಬಂದಾಗ ಬಹಳ ಮಂದಿಯ ಕಣ್ಣು ನಿಲ್ಲುವುದು ‘ಇಎಫ್ 60%’ ಎಂಬ ಸಾಲಿನ ಮೇಲೆ. ನೂರಕ್ಕೆ ಅರವತ್ತೇ ಬಂದಿದೆ, ಉಳಿದ ನಲವತ್ತು ಎಲ್ಲಿ ಹೋಯಿತು ಎಂದು ಮನೆಮಂದಿ ಗಾಬರಿಪಡುತ್ತಾರೆ. ಗಾಬರಿಗೆ ಕಾರಣವಿಲ್ಲ. ಎಷ್ಟೇ ಗಟ್ಟಿಮುಟ್ಟಾದವರ ಹೃದಯವೂ ಒಂದು ಬಡಿತದಲ್ಲಿ ಪೂರ್ತಿ ಖಾಲಿಯಾಗುವುದಿಲ್ಲ. ಹೃದಯದ ಕೆಳಗಿನ ಎಡ ಕೋಣೆಯಾದ ಎಡ ಹೃತ್ಕುಕ್ಷಿ ತುಂಬಿದಾಗ ಅದರಲ್ಲಿ ಸುಮಾರು 120 ಮಿಲಿಲೀಟರ್ ರಕ್ತ ಇರುತ್ತದೆ. ಒಂದು ಬಡಿತಕ್ಕೆ 70 ಮಿಲಿಲೀಟರಿನಷ್ಟು ಹೊರಗೆ ಹೋಗುತ್ತದೆ, 50ರಷ್ಟು ಒಳಗೇ ಉಳಿಯುತ್ತದೆ. ತುಂಬಿದ್ದರಲ್ಲಿ ನೂರಕ್ಕೆ ಎಷ್ಟು ಹೊರಬಿತ್ತು ಎಂಬ ಲೆಕ್ಕವೇ ಇಎಫ್. 55ರಿಂದ 70ರವರೆಗೆ ಇದ್ದರೆ ಅದು ಸಹಜ.

ಆ ಅರವತ್ತು ಕಡಿಮೆಯಲ್ಲ. ಅಷ್ಟಾದರೂ ಹೇಗೆ ಬರುತ್ತದೆ ಎಂಬುದೇ ಸೋಜಿಗ. ಏಕೆಂದರೆ ಹೃದಯದ ಒಂದೊಂದು ಸ್ನಾಯುಕೋಶ ಸಂಕುಚಿಸಿದಾಗ ಅದರ ಉದ್ದ ಕಡಿಮೆಯಾಗುವುದು ಶೇಕಡಾ 15ರಷ್ಟು ಮಾತ್ರ. ಹೃತ್ಕುಕ್ಷಿಯ ಗೋಡೆಯ ನಾರುಗಳೆಲ್ಲ ಅಡ್ಡಡ್ಡವಾಗಿ ಸುತ್ತಿಕೊಂಡಿದ್ದವು ಎಂದೇ ಇಟ್ಟುಕೊಳ್ಳೋಣ. ಸುತ್ತಳತೆ ಶೇಕಡಾ 15 ಕಿರಿದಾದರೆ ಒಳಗಿನ ಜಾಗ 0.85 × 0.85, ಅಂದರೆ 0.72ಕ್ಕೆ ಇಳಿಯುತ್ತದೆ. ಹೊರಬೀಳುವುದು ನೂರಕ್ಕೆ 28 ಪಾಲು. ಆ ಪ್ರಮಾಣದ ಇಎಫ್ ಇರುವ ಮನುಷ್ಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡಬಹುದು. ಹಾಗಾದರೆ ಹದಿನೈದನ್ನು ಅರವತ್ತು ಮಾಡುವ ಉಪಾಯ ಯಾವುದು? ಅದನ್ನು ಅರಿಯಲು ಒಂದು ಬಡಿತವನ್ನು ಮೊದಲಿನಿಂದ ಹಿಂಬಾಲಿಸಬೇಕು. ಇಡೀ ಪ್ರಸಂಗ ಮುಗಿಯುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ.

ಹೃದಯಕ್ಕೆ ಬಡಿ ಎಂದು ಮಿದುಳು ಹೇಳಬೇಕಾಗಿಲ್ಲ. ಮೇಲಿನ ಬಲ ಕೋಣೆಯಾದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, ಮಹಾಭಿಧಮನಿ ಬಂದು ಸೇರುವ ಜಾಗದಲ್ಲಿ, ತಾನಾಗಿಯೇ ವಿದ್ಯುತ್ ಮಿಡಿತ ಹುಟ್ಟಿಸುವ ಕೋಶಗಳ ಸಣ್ಣ ಗುಂಪೊಂದಿದೆ. ಇದು ಸಿಕ್ಕಿದ ಬಗೆ ಸ್ವಾರಸ್ಯದ್ದು. 1906ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ, ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವೆ ಮಿಡಿತವನ್ನು ದಾಟಿಸುವ ಗಂಟೊಂದನ್ನು ವಿವರಿಸಿದ್ದರು. ಅದನ್ನು ಪರೀಕ್ಷಿಸಿ ನೋಡುತ್ತಿದ್ದವರು ಬ್ರಿಟನ್ನಿನ ಅಂಗರಚನಾ ತಜ್ಞ ಆರ್ಥರ್ ಕೀತ್. ಕೆಂಟ್ ಪ್ರಾಂತದ ಅವರ ಹಳ್ಳಿಮನೆಯಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ. ಕೀತ್ ದಂಪತಿ ಸೈಕಲ್ ಸವಾರಿ ಮುಗಿಸಿ ಮನೆಗೆ ಬಂದಾಗ ಹುಡುಗ ಉತ್ಸಾಹದಿಂದ ತೋರಿಸಿದ್ದು, ನೆಲ ಕೊರೆದು ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃತ್ಕರ್ಣದಲ್ಲಿ ಕಂಡ ವಿಚಿತ್ರ ರಚನೆಯನ್ನು. ಅದೇ ಹೃದಯದ ತಾಳ ಹಾಕುವ ಜಾಗ. ವಿವರ ಪ್ರಕಟವಾದದ್ದು 1907ರಲ್ಲಿ. ಇಂದು ಎದೆಯೊಳಗೆ ಪೇಸ್‌ಮೇಕರ್ ಇಟ್ಟುಕೊಂಡು ಓಡಾಡುವ ಲಕ್ಷಾಂತರ ಮಂದಿಯ ಕತೆ ಒಂದರ್ಥದಲ್ಲಿ ಆ ಹಳ್ಳಿಮನೆಗೂ ತಾಕುತ್ತದೆ.

ಅಲ್ಲಿ ಹುಟ್ಟಿದ ಮಿಡಿತ ಎರಡೂ ಹೃತ್ಕರ್ಣಗಳಿಗೆ ಹರಡುತ್ತದೆ, ಅವು ಸಂಕುಚಿಸುತ್ತವೆ. ಆಮೇಲೆ ತವಾರಾ ಕಂಡ ಗಂಟಿನಲ್ಲಿ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ತಡೆದು ನಿಲ್ಲುತ್ತದೆ. ಈ ತಡ ಬೇಕೇ ಬೇಕು. ಮೇಲಿನ ಕೋಣೆಗಳು ತಮ್ಮಲ್ಲಿ ಉಳಿದ ರಕ್ತವನ್ನು ಕೆಳಕ್ಕೆ ತಳ್ಳಿ ಮುಗಿಸುವವರೆಗೆ ಕೆಳಗಿನವು ಕಾಯಬೇಕಲ್ಲ! ಕಾಯುವುದು ಮುಗಿದ ಮೇಲೆ ಮಿಡಿತಕ್ಕೆ ಎಲ್ಲಿಲ್ಲದ ವೇಗ. ಝೆಕ್ ವಿಜ್ಞಾನಿ ಪುರ್ಕಿಂಜೆ 1839ರಲ್ಲಿ ಗುರುತಿಸಿದ ನಾರುಗಳ ಮೂಲಕ ಅದು ಎರಡೂ ಹೃತ್ಕುಕ್ಷಿಗಳ ಮೂಲೆಮೂಲೆಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಲುಪುತ್ತದೆ. ಕೋಟ್ಯಂತರ ಕೋಶಗಳು ಒಟ್ಟಿಗೆ ಬಿಗಿಯದಿದ್ದರೆ ರಕ್ತ ಕೋಣೆಯೊಳಗೇ ಅತ್ತಿತ್ತ ತುಳುಕಾಡುತ್ತದೆಯೇ ವಿನಾ ಹೊರಗೆ ಹೋಗುವುದಿಲ್ಲ.

ಮಿಡಿತ ತಲುಪಿದ ಕೋಶದೊಳಗೆ ನಿಜವಾದ ಕೆಲಸ ಮಾಡಿಸುವುದು ಕ್ಯಾಲ್ಸಿಯಂ. ಅದು ಗೊತ್ತಾದದ್ದೂ ನಲ್ಲಿ ನೀರಿನ ದೆಸೆಯಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1880ರ ದಶಕದ ಆರಂಭದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು, ಅದು ಹೊರಗೂ ಗಂಟೆಗಟ್ಟಲೆ ಬಡಿಯುವುದನ್ನು ಕಂಡಿದ್ದರು. ಶುದ್ಧ ಬಟ್ಟಿ ನೀರಿಗೆ ಉಪ್ಪು ಬೆರೆಸಿದ್ದೇವೆ ಎಂಬ ನಂಬಿಕೆಯಲ್ಲಿ ಆ ಪ್ರಯೋಗ ನಡೆದಿತ್ತು. ವಾಸ್ತವದಲ್ಲಿ ಬಳಕೆಯಾಗಿದ್ದು ನ್ಯೂ ರಿವರ್ ವಾಟರ್ ಕಂಪನಿ ಕೊಳವೆಯಲ್ಲಿ ಹರಿಸುತ್ತಿದ್ದ ನೀರು. ಅದನ್ನು ತಿಳಿದು ನಿಜವಾದ ಬಟ್ಟಿ ನೀರು ಬಳಸಿದಾಗ ಕಪ್ಪೆಯ ಗುಂಡಿಗೆ ಸ್ವಲ್ಪ ಹೊತ್ತಿಗೇ ಸುಸ್ತಾಗಿ ನಿಂತುಬಿಟ್ಟಿತು. ಲಂಡನ್ನಿನ ಗಡಸು ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು! 1883ರಲ್ಲಿ ರಿಂಗರ್ ಈ ತಪ್ಪನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ತೀರಾ ಗೌರವ ಹುಟ್ಟಿಸುವ ಬರಹಗಳಲ್ಲಿ ಅದೊಂದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬಾಟಲಿಯ ಮೇಲೆ ‘ರಿಂಗರ್ ಲ್ಯಾಕ್ಟೇಟ್’ ಎಂದು ಕಾಣುತ್ತದಲ್ಲ, ಆ ಹೆಸರು ಇವರದೇ.

ಮಿಡಿತ ಬಂದೊಡನೆ ಕೋಶದ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ ಒಳಗೆ ಬರುತ್ತದೆ. ಅದು ಒಳಗಿನ ದಾಸ್ತಾನಿನ ಬಾಗಿಲು ತೆರೆಸುತ್ತದೆ, ಇನ್ನೂ ಹೆಚ್ಚು ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ಆಗ ಮಯೋಸಿನ್ ಎಂಬ ಪ್ರೋಟೀನಿನ ಪುಟ್ಟ ತಲೆಗಳು ಪಕ್ಕದ ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಮುಂದಕ್ಕೆ ಹಿಡಿದು ಎಳೆಯುತ್ತವೆ. ಎಳೆಗಳ ಉದ್ದ ಬದಲಾಗುವುದಿಲ್ಲ, ಒಂದರ ಪಕ್ಕ ಒಂದು ಜಾರಿ ಒಳಸೇರುತ್ತವೆ, ಅಷ್ಟೆ. ಸ್ನಾಯುಗಳು ಹೀಗೆ ಕೆಲಸ ಮಾಡುತ್ತವೆಂದು 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ತೋರಿಸಿದವು. ಎರಡರಲ್ಲೂ ಹಕ್ಸ್‌ಲಿ ಎಂಬ ಹೆಸರಿನವರಿದ್ದರು, ಆದರೆ ಅವರು ಬಂಧುಗಳಲ್ಲ.

ಈಗ ಗೋಡೆಯ ವಿಷಯಕ್ಕೆ ಬರೋಣ, ನಮ್ಮ ಒಗಟು ಬಿಡಿಸುವುದು ಅದೇ. ಎಡ ಹೃತ್ಕುಕ್ಷಿಯ ಗೋಡೆಯಲ್ಲಿ ನಾರುಗಳು ಓರೆಯಾಗಿ ಸುತ್ತಿಕೊಂಡಿವೆ. ಒಳಪದರದ ನಾರುಗಳು ಒಂದು ಕಡೆಗೆ ಓರೆ, ಹೊರಪದರದವು ಅದಕ್ಕೆ ವಿರುದ್ಧವಾಗಿ ಓರೆ, ನಡುವಿನವು ಹೆಚ್ಚುಕಡಿಮೆ ಅಡ್ಡ. ಪದರದಿಂದ ಪದರಕ್ಕೆ ಕೋನ ಸ್ವಲ್ಪಸ್ವಲ್ಪವೇ ತಿರುಗುತ್ತಾ ಹೋಗುತ್ತದೆ. ಇವೆಲ್ಲ ಒಟ್ಟಿಗೆ ಬಿಗಿದಾಗ ಹೃದಯದ ಚೂಪು ತುದಿ ಒಂದು ದಿಕ್ಕಿಗೂ ಕವಾಟಗಳಿರುವ ಮೇಲ್ಭಾಗ ಅದರ ವಿರುದ್ಧ ದಿಕ್ಕಿಗೂ ತಿರುಚಿಕೊಳ್ಳುತ್ತವೆ. ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂಡಿದ ಹಾಗೆ. ಇದು ನನ್ನ ಹೋಲಿಕೆಯಲ್ಲ, ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೋವರ್ 1669ರಷ್ಟು ಹಿಂದೆಯೇ ಕೊಟ್ಟದ್ದು. ಯಾವ ಯಂತ್ರದ ನೆರವೂ ಇಲ್ಲದ ಕಾಲದಲ್ಲಿ ಆತ ಕಂಡದ್ದನ್ನು ಇಂದು ಎಂಆರ್‌ಐ ಪರದೆಯ ಮೇಲೆ ಡಿಗ್ರಿಗಳಲ್ಲಿ ಅಳೆಯುತ್ತಾರೆ.

ಹಿಂಡುವಾಗಲೇ ಇನ್ನೆರಡು ಸಂಗತಿ ನಡೆಯುತ್ತವೆ. ಕವಾಟಗಳಿರುವ ಮೇಲ್ಭಾಗ ಒಂದು ಸೆಂಟಿಮೀಟರಿಗೂ ಮಿಕ್ಕಿ ಕೆಳಕ್ಕೆ ಇಳಿಯುತ್ತದೆ, ಕೋಣೆಯ ಉದ್ದ ಕುಗ್ಗುತ್ತದೆ. ಸ್ನಾಯುವಿನ ಒಟ್ಟು ಗಾತ್ರ ಬದಲಾಗಲಾರದು, ಹಾಗಾಗಿ ಉದ್ದದಲ್ಲಿ ಕಳೆದುಕೊಂಡದ್ದನ್ನು ಅದು ದಪ್ಪದಲ್ಲಿ ಗಳಿಸುತ್ತದೆ. ಪದರಗಳು ಒಂದರ ಮೇಲೊಂದು ಜಾರಿ ಗೋಡೆ ಒಳಮುಖವಾಗಿ ಉಬ್ಬುತ್ತದೆ, ರಕ್ತಕ್ಕಿರುವ ಜಾಗ ಇನ್ನಷ್ಟು ಕಿರಿದಾಗುತ್ತದೆ. ಹದಿನೈದು ಅರವತ್ತಾಗುವುದು ಹೀಗೆ. ಕೋಶಗಳು ಅವೇ, ಬಲವೂ ಅಷ್ಟೇ. ಹೆಣೆದ ಬಗೆಯೇ ದುಪ್ಪಟ್ಟು ಫಲ ಕೊಡುತ್ತದೆ. ಹೃದಯ ಗಾಯಗೊಂಡು ಉಬ್ಬಿ ದುಂಡಗಾದಾಗ ಈ ಓರೆ ಕೆಡುತ್ತದೆ. ಆಗ ಬದುಕಿರುವ ಕೋಶಗಳು ಹಿಂದಿನಷ್ಟೇ ದುಡಿದರೂ ಹೊರಬೀಳುವ ರಕ್ತ ಕಡಿಮೆ.

ಸಂಕೋಚನ ಶುರುವಾದ ಕೂಡಲೇ ರಕ್ತ ಚಿಮ್ಮಿಬಿಡುವುದಿಲ್ಲ. ಹೃತ್ಕುಕ್ಷಿಯೊಳಗೆ ಒತ್ತಡ ಏರುತ್ತಲೇ ಹಿಂದಿನ ಕವಾಟ ಮುಚ್ಚುತ್ತದೆ. ಎದೆಗೆ ಕಿವಿಯಿಟ್ಟರೆ ಕೇಳುವ ‘ಲಬ್’ ಅದೇ. ಮುಂದಿನ ಕವಾಟ ಇನ್ನೂ ತೆರೆದಿಲ್ಲ, ಮಹಾಪಧಮನಿಯಲ್ಲಿ 80 ಮಿಲಿಮೀಟರ್ ಪಾದರಸದಷ್ಟು ಒತ್ತಡ ಅದನ್ನು ಹೊರಗಿನಿಂದ ಅದುಮಿ ಹಿಡಿದಿದೆ. ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಷ್ಟು ಹೊತ್ತು ಎರಡೂ ಬಾಗಿಲು ಮುಚ್ಚಿಯೇ ಇದ್ದು ಒಳಗಿನ ಒತ್ತಡ ಏರುತ್ತದೆ. ಅದು 80 ದಾಟಿದ ಗಳಿಗೆಯಲ್ಲಿ ಕವಾಟ ತೆರೆದು ರಕ್ತ ಹೊರನುಗ್ಗುತ್ತದೆ, ಒತ್ತಡ 120ರ ತನಕ ಹೋಗುತ್ತದೆ. ಬಿ.ಪಿ. ನೋಡಿಸಿದಾಗ ವೈದ್ಯರು ಹೇಳುವ ಎರಡು ಅಂಕಿಗಳು ಇವೇ. ಬಲಗಡೆಯ ಹೃತ್ಕುಕ್ಷಿಯೂ ಅದೇ ಹೊತ್ತಿಗೆ ಅಷ್ಟೇ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ, ಆದರೆ ಹಾದಿ ಹತ್ತಿರದ್ದಾದ್ದರಿಂದ 25ರಷ್ಟು ಒತ್ತಡ ಸಾಕು, ಗೋಡೆಯೂ ತೆಳು.

ಹೊರಬಾಗಿಲ ಕವಾಟ ಮುಚ್ಚುವ ಬಗೆಯನ್ನು ಮೊದಲು ಊಹಿಸಿದವರು ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ. ಎತ್ತಿನ ಹೃದಯ ಕೊಯ್ದು ನೋಡುತ್ತಿದ್ದ ಆತ 1513ರ ಸುಮಾರಿಗೆ ಮಹಾಪಧಮನಿಯ ಬುಡದ ಗಾಜಿನ ಮಾದರಿ ಮಾಡಿಸುವ ವಿವರವನ್ನೂ, ಅದರಲ್ಲಿ ಹುಲ್ಲಿನ ಬೀಜ ಬೆರೆಸಿದ ನೀರು ಹರಿಸಿ ಸುಳಿಗಳನ್ನು ನೋಡುವ ವಿಧಾನವನ್ನೂ ಬರೆದಿಟ್ಟ. ಕವಾಟದ ಹಿಂದಿನ ಉಬ್ಬುಗಳಲ್ಲಿ ರಕ್ತ ಸುಳಿಯಾಗಿ ತಿರುಗಿ ಎಸಳುಗಳನ್ನು ಮೆಲ್ಲಗೆ ಮುಚ್ಚುವ ಕಡೆಗೆ ತಳ್ಳುತ್ತದೆ ಎಂಬುದು ಆತನ ತರ್ಕ. ಆಕ್ಸ್‌ಫರ್ಡಿನ ಎಂಜಿನಿಯರುಗಳು 1968ರಲ್ಲಿ ಇಂಥದೇ ಮಾದರಿ ಮಾಡಿ ನೋಡಿದಾಗ ಅದು ಸರಿಯೆಂದು ಕಂಡಿತು. ಆ ಕವಾಟ ಮುಚ್ಚಿಕೊಳ್ಳುವ ಸದ್ದು ‘ಡಬ್’.

ಇಲ್ಲಿಗೆ ಬಡಿತ ಮುಗಿಯಿತು, ಇನ್ನು ವಿಶ್ರಾಂತಿ ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಆ ಪಾಠ ಪೂರ್ಣವಲ್ಲ. ಬಹಳ ಹಿಂದಿನವರು ಹೃದಯದ ದುಡಿಮೆಯೆಲ್ಲ ಹಿಗ್ಗುವುದರಲ್ಲಿದೆ ಎಂದು ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಹಾವು, ಕಪ್ಪೆ, ಮೀನುಗಳ ನಿಧಾನ ಬಡಿಯುವ ಹೃದಯಗಳನ್ನು ನೋಡಿ ನೋಡಿ, 1628ರ ತನ್ನ ಪುಸ್ತಕದಲ್ಲಿ ಆ ನಂಬಿಕೆಯನ್ನು ತಲೆಕೆಳಗು ಮಾಡಿದ. ದುಡಿಮೆ ಇರುವುದು ಕುಗ್ಗುವುದರಲ್ಲಿ ಎಂದ. ಆತ ಹೇಳಿದ್ದು ನಿಜ. ಆದರೆ ಹಿಗ್ಗುವುದೂ ಸುಮ್ಮನೆ ಆಗುವ ಕೆಲಸವಲ್ಲ ಎಂಬುದು ಈಚಿನ ತಿಳಿವಳಿಕೆ. ಕೋಶದೊಳಗೆ ಚೆಲ್ಲಿದ ಕ್ಯಾಲ್ಸಿಯಮನ್ನು ಮತ್ತೆ ದಾಸ್ತಾನಿಗೆ ಎತ್ತಿ ತುಂಬಬೇಕು. ಅದಕ್ಕೆ ಎಟಿಪಿ ಎಂಬ ಇಂಧನ ಬೇಕು. ಮಯೋಸಿನ್ ತಾನು ಹಿಡಿದ ಎಳೆಯನ್ನು ಬಿಡುವುದಕ್ಕೂ ಎಟಿಪಿಯೇ ಬೇಕು. ಸತ್ತ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದು ಈ ಇಂಧನ ಮುಗಿದು ಹಿಡಿತ ಬಿಡಲಾಗದ್ದರಿಂದ. ಸಡಿಲುವುದಕ್ಕೂ ಜೀವ ಇರಬೇಕು.

ಇಂಧನದ ಜೊತೆಗೆ ಹೃದಯ ಇನ್ನೊಂದು ಗಳಿಕೆಯನ್ನೂ ಬಳಸಿಕೊಳ್ಳುತ್ತದೆ. ತಿರುಚಿ ಹಿಂಡುವಾಗ ಕೋಶದೊಳಗಿನ ಟೈಟಿನ್ ಎಂಬ ಉದ್ದನೆಯ ಪ್ರೋಟೀನು ಅದುಮಿಸಿಕೊಂಡಿರುತ್ತದೆ. ಬಿಗಿ ಸಡಿಲುತ್ತಲೇ ಅದು ಪುಟಿದು ಹಿಂದಕ್ಕೆ ಬರುತ್ತದೆ, ತಿರುಚು ಬಿಚ್ಚಿಕೊಳ್ಳುತ್ತದೆ. ಒಳಬಾಗಿಲ ಕವಾಟ ತೆರೆಯುವ ಮೊದಲೇ ಇದು ಶುರುವಾಗಿ ಒಳಗಿನ ಒತ್ತಡ ದಡಕ್ಕನೆ ಕುಸಿಯುತ್ತದೆ, ಮೇಲಿನ ಕೋಣೆಯ ರಕ್ತವನ್ನು ಹೃತ್ಕುಕ್ಷಿ ಹೀರಿಕೊಳ್ಳುತ್ತದೆ. ತುಂಬುವ ರಕ್ತದಲ್ಲಿ ಬಹುಪಾಲು ಹೀಗೆ ಬಂದದ್ದೇ. ಹೃತ್ಕರ್ಣ ಕೊನೆಯಲ್ಲಿ ತಳ್ಳುವುದು ನೂರಕ್ಕೆ ಇಪ್ಪತ್ತೋ ಮೂವತ್ತೋ ಪಾಲು.

ಹೃದಯ ತಾನು ಉಣ್ಣುವುದೂ ಈ ಹೊತ್ತಿನಲ್ಲೇ. ಬಿಗಿದಾಗ ಎಡ ಹೃತ್ಕುಕ್ಷಿ ತನ್ನದೇ ರಕ್ತನಾಳಗಳನ್ನು ಅದುಮಿಬಿಡುತ್ತದೆ, ಸಡಿಲಿದಾಗಲೇ ಅದರ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯುತ್ತದೆ. ನಿಮಿಷಕ್ಕೆ 75 ಬಡಿತವಿದ್ದಾಗ ಒಂದು ಬಡಿತಕ್ಕೆ 0.8 ಸೆಕೆಂಡ್, ಅದರಲ್ಲಿ 0.53 ಸೆಕೆಂಡ್ ಸಡಿಲಿಕೆಯದು. ಬಡಿತ 200ಕ್ಕೆ ಏರಿದರೆ ಈ 0.53 ಇಳಿದು 0.14ಕ್ಕೆ ಬರುತ್ತದೆ. ಸಂಕೋಚನದ ಹೊತ್ತು ಅಷ್ಟೊಂದು ಕಡಿಮೆಯಾಗುವುದಿಲ್ಲ. ಕತ್ತರಿ ಬೀಳುವುದು ಹೆಚ್ಚಾಗಿ ತುಂಬಿಕೊಳ್ಳುವ, ಉಣ್ಣುವ ಹೊತ್ತಿಗೆ. ವಯಸ್ಸಾದವರಲ್ಲಿ, ವರ್ಷಗಟ್ಟಲೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಲ್ಲಿ ಗೋಡೆ ಪೆಡಸಾಗಿ ಸಡಿಲುವುದೇ ಕಷ್ಟವಾಗಬಹುದು. ಹೃದಯ ವೈಫಲ್ಯದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಇಎಫ್ ಸಹಜವೇ ಇರುತ್ತದೆ, ಆದರೂ ಉಸಿರು ಕಟ್ಟುತ್ತದೆ, ಕಾಲು ಊದುತ್ತದೆ. ವರದಿಯಲ್ಲಿ ಆ ಒಂದು ಅಂಕಿ ಮಾತ್ರ ನೋಡಿ ನೆಮ್ಮದಿಪಡುವುದು ಸಲ್ಲದು ಎನ್ನುವುದು ಇದಕ್ಕೇ.

ತುಂಬಿಕೊಂಡಷ್ಟಕ್ಕೂ ಹೃದಯ ತಕ್ಕ ಉತ್ತರ ಕೊಡುತ್ತದೆ. ಹೆಚ್ಚು ರಕ್ತ ಬಂದು ಗೋಡೆ ಹೆಚ್ಚು ಹಿಗ್ಗಿದರೆ ಮುಂದಿನ ಸಂಕೋಚನ ಹೆಚ್ಚು ಜೋರಾಗುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದಲ್ಲಿ, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಇಪ್ಪತ್ತು ವರ್ಷಗಳ ಬಳಿಕ ನಾಯಿಯ ಹೃದಯದಲ್ಲಿ ಇದನ್ನು ಕಂಡರು. ಎಡ ಬಲಗಳ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಇದೇ ಗುಣ. ಒಂದೊಂದು ಬಡಿತದಲ್ಲಿ ಎಡಕ್ಕಿಂತ ಬಲ ಒಂದು ಮಿಲಿಲೀಟರ್ ಹೆಚ್ಚು ಕಳಿಸುತ್ತಾ ಹೋದರೂ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದಲ್ಲಿ ರಕ್ತ ಮಡುಗಟ್ಟುತ್ತಿತ್ತು. ಹಾಗಾಗುವುದಿಲ್ಲ, ಬಂದದ್ದು ಹೆಚ್ಚಾದ ಕೂಡಲೇ ಎಡವೂ ಹೆಚ್ಚು ತಳ್ಳುತ್ತದೆ.

ಬೆಂಗಳೂರಿನಲ್ಲಿ ಗ್ರೀನ್ ಕಾರಿಡಾರ್ ಮಾಡಿ, ಸಂಚಾರ ತಡೆದು, ಆಂಬುಲೆನ್ಸಿನಲ್ಲಿ ಹೃದಯ ಸಾಗಿಸುವ ಸುದ್ದಿಯನ್ನು ಆಗಾಗ ಓದುತ್ತೇವೆ. ಹಾಗೆ ಕಸಿ ಮಾಡಿದ ಹೃದಯಕ್ಕೆ ಮಿದುಳಿನಿಂದ ಬರುವ ನರಗಳ ಸಂಪರ್ಕ ಕಡಿದಿರುತ್ತದೆ. ಆದರೂ ಅದು ಬಡಿಯುತ್ತದೆ, ತಾಳದ ಗಂಟು ಅದರೊಳಗೇ ಇದೆಯಲ್ಲ. ಬಡಿತವನ್ನು ನಿಧಾನಿಸುವ ನರವೂ ಇಲ್ಲದ್ದರಿಂದ ಕೂತಿರುವಾಗಲೇ ನಿಮಿಷಕ್ಕೆ 90ರ ಆಸುಪಾಸಿನಲ್ಲಿರುತ್ತದೆ. ಅಂಥವರು ಎದ್ದು ನಡೆಯತೊಡಗಿದಾಗ ಬಡಿತ ತಕ್ಷಣ ಏರುವುದಿಲ್ಲ. ಅಡ್ರಿನಲಿನ್ ರಕ್ತದಲ್ಲಿ ಹರಿದು ಬಂದು ಮುಟ್ಟಲು ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಕಾಲಿನ ಸ್ನಾಯುಗಳು ಮೇಲಕ್ಕೆ ತಳ್ಳಿದ ಹೆಚ್ಚುವರಿ ರಕ್ತದಿಂದ ಹಿಗ್ಗಿಕೊಂಡು, ಅದೇ ಬಡಿತದಲ್ಲಿ ಹೆಚ್ಚು ಹಿಂಡಿ, ಹೊಸ ಗುಂಡಿಗೆ ಕೆಲಸ ಸಾಗಿಸುತ್ತದೆ. ವ್ಯಾಯಾಮಕ್ಕೆ ಮೊದಲು ನಿಧಾನವಾಗಿ ಮೈ ಬೆಚ್ಚಗೆ ಮಾಡಿಕೊಳ್ಳಿ, ಒಮ್ಮೆಲೇ ಓಡಬೇಡಿ ಎಂದು ವೈದ್ಯರು ಅವರಿಗೆ ಒತ್ತಿ ಹೇಳುವುದು ಆ ಕೆಲವು ನಿಮಿಷಗಳಿಗಾಗಿ.